ಚಾಸಿ ನಂಬರ್ ಹೇಳುವುದೆಷ್ಟು?



ಇಂದಿನ ಚಿಂತನೆ ಗ್ಯಾರೇಜಿನಿಂದ ಬಂದದ್ದು. ಸುಲೇಪೇಟದ ನಮ್ಮ ಭಾನುವಾರದ ವಾಚನದಲ್ಲಿ ಮಿಲಿಂದ ಪಞ್ಹದ ರಥದ ಪ್ರಸಂಗ ಓದಿದೆವು. ಓದು ಮುಗಿದ ಮೇಲೆ ಸೇಡಂನಲ್ಲಿ ಮೆಕ್ಯಾನಿಕ್ ಆಗಿರುವ ಹುಡುಗನೊಬ್ಬ, "ಅಷ್ಟೆಲ್ಲ ಕೇಳೋ ಬದಲು ನಾಗಸೇನರು ರಥದ ಚಾಸಿ ನಂಬರ್ ನೋಡಿದ್ದರ ಮುಗೀತಿತ್ತಲ್ಲ ಸರ್?" ಅಂದ. ಎಲ್ಲರೂ ನಕ್ಕರು. ನನಗೆ ಮಾತ್ರ ಅದು ನಕ್ಕು ಬಿಡುವ ಪ್ರಶ್ನೆ ಅನ್ನಿಸಲಿಲ್ಲ.

ಅಂದು ಬಾರದವರಿಗಾಗಿ ಎರಡು ಮಾತು. ಮಿಲಿಂದ ಎಂದರೆ ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಅರಸ ಮೆನಾಂಡರ್. ನಾಗಸೇನ ಎಂಬುದು ಕರೆಯಲು ಇಟ್ಟ ಹೆಸರು ಅಷ್ಟೇ, ಅದರೊಳಗೆ ಬದಲಾಗದ ಒಬ್ಬ ವ್ಯಕ್ತಿ ಸಿಗುವುದಿಲ್ಲ ಎಂದು ಭಿಕ್ಷು ಹೇಳಿದಾಗ ಅರಸ ಒಪ್ಪಲಿಲ್ಲ. ನಡೆದು ಬಂದಿರೋ, ರಥದಲ್ಲೋ ಎಂದು ಭಿಕ್ಷು ಕೇಳಿದರು. ರಥದಲ್ಲಿ ಎಂದ. ಮೂಕಿ ರಥವೇ? ಅಚ್ಚು? ಗಾಲಿ? ನೊಗ? ಒಂದೊಂದಕ್ಕೂ ಅಲ್ಲ ಎಂದ. ಇವನ್ನೆಲ್ಲ ಬಿಟ್ಟು ಬೇರೆ ರಥ ಉಂಟೇ? ಅದೂ ಇಲ್ಲ. ಇವೆಲ್ಲ ಕೂಡಿದಾಗ ನಾವು ಆಡುವ ಮಾತೇ ರಥ ಎಂದು ಕೊನೆಗೆ ಅರಸನೇ ಒಪ್ಪಿಕೊಂಡ.

ಆದರೆ ಆ ರಥಕ್ಕೆ ಇಲ್ಲದ್ದೊಂದು ಇಂದಿನ ಗಾಡಿಗೆ ಇದೆ. ಕಾರ್ಖಾನೆಯಲ್ಲೇ ಉಕ್ಕಿನ ಮೇಲೆ ಹೊಡೆದ ನಂಬರ್. ಎಲ್ಲ ಭಾಗ ಬಿಚ್ಚಿದರೂ ಉಳಿಯುವ ಆ ನಂಬರೇ ಗಾಡಿಯ ಆತ್ಮ ಅನ್ನಬಹುದಲ್ಲ? ಹುಡುಗ ಕೇಳಿದ್ದು ಅದನ್ನೇ.

ಈ ಪ್ರಶ್ನೆಯನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವರು ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಬಿಚ್ಚಿ ಮತ್ತೆ ಕಟ್ಟುವವರು. ನಮ್ಮ ಸೇಡಂ-ಚಿಂಚೋಳಿ ರಸ್ತೆಯಲ್ಲಿ ಓಡುವುದು ಸಿಮೆಂಟ್ ಲಾರಿ, ತೊಗರಿ ಹೊತ್ತ ಟ್ರ್ಯಾಕ್ಟರ್. ಅಂಥ ಕಾರು ಇಲ್ಲಿ ಕಾಣುವುದಿಲ್ಲ. ಆದರೂ ಅವರ ಕಷ್ಟ ನಮಗೆ ಅರ್ಥವಾಗುವಂಥದ್ದು. ಕಣ್ಣಿಗೆ ಕಾಣುವ ನಂಬರ್ ಫಲಕವನ್ನು ರಿವಿಟ್ ಕಿತ್ತು ಇನ್ನೊಂದು ಗಾಡಿಗೆ ಬಡಿಯಬಹುದು. ಹಾಗಾಗಿ ಬಲ್ಲವರು ಫಲಕವನ್ನು ನಂಬುವುದಿಲ್ಲ, ಒಳಗೆ ಹುಡುಕುತ್ತಾರೆ. ಅಮೆರಿಕದ ಹಳೆಯ ಕಾರ್ವೆಟ್ ಕಾರಿನ ದೇಹ ಫೈಬರ್‌ಗ್ಲಾಸಿನದು, ಅದರ ಮೇಲೆ ಪಂಚ್ ಹೊಡೆಯಲು ಬರುವುದಿಲ್ಲ. ನಂಬರ್ ಇರುವುದು ಕೆಳಗಿನ ಉಕ್ಕಿನ ಚೌಕಟ್ಟಿನ ಮೇಲ್ಮೈಯಲ್ಲಿ, ದೇಹಕ್ಕೆ ಮುಚ್ಚಿದ ಕಡೆ. ಸಣ್ಣ ಕನ್ನಡಿಯನ್ನೋ ಕ್ಯಾಮೆರಾವನ್ನೋ ಸಂದಿಯಲ್ಲಿ ತೂರಿಸಿ ನೋಡಬೇಕು, ಇಲ್ಲವೇ ದೇಹವನ್ನೇ ಎತ್ತಬೇಕು. ಜರ್ಮನಿಯ ಪೋರ್ಶೆ 356ರ ಬಾಗಿಲು, ಬಾನೆಟ್‌ಗಳ ಮೇಲೂ ಚಾಸಿ ನಂಬರಿನ ಕೊನೆಯ ಅಂಕಿಗಳನ್ನು ಹೊಡೆದಿರುತ್ತಾರೆ. ಕಳ್ಳರಿಗೆ ಹೆದರಿ ಅಲ್ಲ, ಕೈಯಿಂದ ಹೊಂದಿಸಿದ ಬಾಗಿಲು ಬೇರೆ ಗಾಡಿಗೆ ಹೋಗದಿರಲಿ ಎಂದು. ಇಟಲಿಯ ಕೆಲವು ಕಾರುಗಳಲ್ಲಿ ಒಳಗಿನ ಹೊದಿಕೆ ಬಿಚ್ಚಿದರೆ ಕೆಲಸಗಾರ ಸೀಮೆಸುಣ್ಣದಲ್ಲಿ ಬರೆದ ಅಂಕಿಯೂ ಸಿಗುತ್ತದೆ.

ಮೇಲಿನದನ್ನು ಎತ್ತಿದಾಗಲೇ ಒಳಗಿನ ಬರಹ ಸಿಕ್ಕ ಕಥೆ ನಮ್ಮ ಭೀಮಾ ತೀರದಲ್ಲೂ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ! ಮೂರ್ತಿ ಕೂಡಿಸಲು ನಡುವೆ ರಂಧ್ರ ಕೊರೆದಿದ್ದರು. ಎಷ್ಟು ಕಾಲ ಎಷ್ಟು ಜನ ಅದರ ಮುಂದೆ ನಿಂತು ಹೋದರೋ. ಶಾಸನ ತಜ್ಞರು ಕಲ್ಲಿನ ಮೇಲೆ ಕಾಗದ ಒತ್ತಿ ಅಚ್ಚು ತೆಗೆಯುತ್ತಾರೆ. ಆರ್‌ಟಿಒ ಕಚೇರಿಯ ಮುಂದೆ ಏಜೆಂಟರು ಪೆನ್ಸಿಲ್ ಉಜ್ಜಿ ಚಾಸಿ ನಂಬರಿನ ಅಚ್ಚು ತೆಗೆದು ಅರ್ಜಿಗೆ ಅಂಟಿಸುತ್ತಾರೆ. ಎರಡೂ ಒಂದೇ ವಿದ್ಯೆ.

ಇಷ್ಟೆಲ್ಲ ಮಾಡಿ ನಂಬರ್ ಸಿಕ್ಕಿತು ಅನ್ನಿ. ಅದೇ ಕಾರು ಎಂದು ತೀರ್ಮಾನ ಆಯಿತೇ? ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. 50 ವರ್ಷ ದಾಟಿರಬೇಕು. ಚಾಸಿ, ದೇಹ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಹಾಗಿದ್ದರೆ 'ವಿಎ' ಅಕ್ಷರವಿರುವ ನಂಬರ್ ಪ್ಲೇಟ್ ಸಿಗುತ್ತದೆ. ಗಣನೀಯ ಎಂದರೆ ಎಷ್ಟು ಎಂದು ನಾಗಸೇನರು ಕೇಳದೆ ಬಿಡುತ್ತಿರಲಿಲ್ಲ.

1990ರಲ್ಲಿ ಲಂಡನ್ನಿನ ಹೈಕೋರ್ಟು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯ ಗೆದ್ದಿತ್ತು. 1932ರ ಹೊತ್ತಿಗೆ ಅದಕ್ಕೆ ಬೇರೆ ಚಾಸಿ, ದೊಡ್ಡ ಎಂಜಿನ್ ಬಂದಿದ್ದವು. ಅದೇ ವರ್ಷ ಅಪಘಾತದಲ್ಲಿ ಚಾಲಕ ಸತ್ತ, ಕಾರಿಗೆ ಮತ್ತೆ ಹೊಸ ದೇಹ ಕಟ್ಟಿದರು. ಕೊನೆಗೆ 1 ಕೋಟಿ ಪೌಂಡಿಗೆ ಮಾರಾಟದ ಮಾತಾಯಿತು. ಆಮೇಲೆ ಕೊಳ್ಳುವವರು, ಇದು ಆ ಕಾರೇ ಅಲ್ಲ ಎಂದು ತಕರಾರು ತೆಗೆದರು. ನ್ಯಾಯಮೂರ್ತಿ ಆಟನ್ ಒಂದೊಂದೇ ಭಾಗ ಲೆಕ್ಕ ಹಾಕಿದರು. 1929ರದ್ದು ಎಂದು ಖಚಿತವಾಗಿ ಹೇಳಬಹುದಾದದ್ದು ಏನೂ ಇಲ್ಲ. 1930ರದ್ದು ಪೆಡಲಿನ ದಂಡ, ಗೇರ್‌ಬಾಕ್ಸಿನ ಕವಚ, ಸ್ಟೀರಿಂಗ್ ಕಂಬ, ಮೂರೇ. ಆದರೂ ಅವರ ತೀರ್ಪು ಮಾರುವವನ ಪರ ಬಂತು. ಮೊದಲಿನ ವಸ್ತುಗಳಿಂದ ಆದದ್ದು ಎಂಬ ಅರ್ಥದಲ್ಲಿ ಇದು ಮೂಲ ಕಾರಲ್ಲ. ಆದರೆ ಬದಲಾಗುತ್ತ ಬಂದ ಹಾದಿ ಎಲ್ಲೂ ಕಡಿದಿಲ್ಲ, ಒಂದು ಕಾರು ಸತ್ತು ಇನ್ನೊಂದು ಹುಟ್ಟಿದ ಗಳಿಗೆ ಯಾವುದೂ ಇಲ್ಲ, ಆದ್ದರಿಂದ ಆ ಹೆಸರು ಇದಕ್ಕೆ ಸಲ್ಲುತ್ತದೆ ಎಂದರು. ಅವರು ಪಾಲಿ ಓದಿದವರಲ್ಲ. ಆದರೆ ಅನಾತ್ಮವನ್ನೂ ಸಂತತಿಯನ್ನೂ ಇಷ್ಟು ಸರಳವಾಗಿ ಬಿಡಿಸಿ ಹೇಳಿದ್ದನ್ನು ನಾನು ಕಡಿಮೆ ಕಂಡಿದ್ದೇನೆ.

ಹಾಗಾದರೆ ನಂಬರ್ ಬೇಡವೇ? ಆತ್ಮವಿಲ್ಲ, ಎಲ್ಲ ಬದಲಾಗುತ್ತದೆ ಎಂದು ನಂಬರನ್ನು ಉಜ್ಜಿ ಹಾಕಬಹುದೇ? ಇಲ್ಲಿ ನಮ್ಮವರಲ್ಲೂ ಕೆಲವರು ಅವಸರ ಮಾಡುತ್ತಾರೆ. ನಾಗಸೇನರು ಅದಕ್ಕೂ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ಮಾವಿನಹಣ್ಣು ಕದ್ದವನೊಬ್ಬ, ತೋಟದವನು ನೆಟ್ಟ ಹಣ್ಣು ಬೇರೆ, ನಾನು ಕಿತ್ತ ಹಣ್ಣು ಬೇರೆ ಎಂದು ವಾದಿಸಿದರೆ ಬಿಡುತ್ತೀರಾ? ಅರಸ ಬಿಡುವುದಿಲ್ಲ ಎಂದ. ಆ ಹಣ್ಣು ಈ ಹಣ್ಣಿನಿಂದಲೇ ಬಂತಲ್ಲ. ಗಾಡಿ ಕಳೆದುಕೊಂಡ ಬಡವನಿಗೆ ನಂಬರ್ ಬೇಕಾಗುವುದು ಇಂಥದ್ದಕ್ಕೇ. ಯಾರದ್ದು ಯಾರಿಂದ ಹೋಯಿತು, ಅಪಘಾತಕ್ಕೆ ಯಾರು ಹೊಣೆ, ಯಾರಿಗೆ ಎಷ್ಟು ಬಾಕಿ. ಕಮ್ಮದ ಲೆಕ್ಕ ಇಡಲು ಆತ್ಮ ಬೇಡ, ದಾಖಲೆ ಸಾಕು.

ಆ ಹುಡುಗ ಇನ್ನೊಂದು ಪ್ರಶ್ನೆ ಕೇಳಿದ್ದ: ಕಳ್ಳರು ಅರದಿಂದ ಉಜ್ಜಿದ ನಂಬರನ್ನು ಪ್ರಯೋಗಾಲಯದವರು ಹೇಗೆ ಓದುತ್ತಾರೆ? ಪಂಚ್ ಬಿದ್ದಾಗ ಅಕ್ಷರ ಕಾಣುವಷ್ಟು ಆಳಕ್ಕೆ ಮಾತ್ರ ಪೆಟ್ಟು ಇಳಿಯುವುದಿಲ್ಲ. ಅದರ ಕೆಳಗಿನ ಲೋಹದ ಕಣರಚನೆಯೂ ಅದುಮಿಕೊಂಡಿರುತ್ತದೆ. ಮೇಲ್ಮೈಯನ್ನು ನಯ ಮಾಡಿ, ತಾಮ್ರದ ಕ್ಲೋರೈಡ್ ಬೆರೆಸಿದ ಆಮ್ಲ ಹಚ್ಚಿದರೆ ಪೆಟ್ಟು ತಿಂದ ಲೋಹ ಸುತ್ತಲಿನ ಲೋಹಕ್ಕಿಂತ ಬೇರೆ ವೇಗದಲ್ಲಿ ಕರಗುತ್ತದೆ. ಅಳಿಸಿದ ಅಂಕಿ ನಿಧಾನಕ್ಕೆ ಮೇಲೆದ್ದು ಕಾಣುತ್ತದೆ. ಇದನ್ನು ಹೇಳುವಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ನಮ್ಮ ಮೈಯಾಗೂ ಹಂಗೇ ಅದ" ಅಂದರು. ಯಾರೂ ಅದಕ್ಕೆ ವಿವರಣೆ ಕೇಳಲಿಲ್ಲ.

ಮಾತು ಬಂದು ನಿಲ್ಲುವುದು ಇಲ್ಲೇ. ಧಮ್ಮ ಸ್ವೀಕರಿಸಿದ ನಮ್ಮನ್ನು ಊರು ಇಂದಿಗೂ ಕೇಳುತ್ತದೆ: ಅದು ಸರಿ, ಮೂಲ ಯಾವುದು? ಕಾಣುವ ಫಲಕ ಬಿಟ್ಟು ಒಳಗಿನ ನಂಬರ್ ಹುಡುಕುವ ಕೈ ಅದು. ಕಾನೂನೂ ಕೇಳುತ್ತದೆ. ಆದರೆ ಎರಡೂ ಒಂದೇ ಪ್ರಶ್ನೆ ಅಲ್ಲ. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರಲ್ಲಿ. ಬೌದ್ಧರಾದವರನ್ನೂ ಪರಿಶಿಷ್ಟ ಜಾತಿಯ ಆದೇಶದಲ್ಲಿ ಸೇರಿಸುವ ತಿದ್ದುಪಡಿ ಬಂದದ್ದು 1990ರಲ್ಲಿ. 34 ವರ್ಷ ಬೇಕಾಯಿತು. ಆ ತಿದ್ದುಪಡಿ ಕೇಳುವ ದಾಖಲೆ ಮಾವಿನಹಣ್ಣಿನ ದಾಖಲೆ: ಯಾರಿಗೆ ಅನ್ಯಾಯವಾಗಿತ್ತು, ಯಾರಿಗೆ ಬಾಕಿ ಇದೆ. ಅದನ್ನು ಕೊಡಲು ನಾಚಿಕೆ ಯಾಕೆ? ದಾಖಲೆ ತೋರಿಸಿದರೆ ದೀಕ್ಷೆ ಸುಳ್ಳಾಗುತ್ತದೆ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಸನ್ನತಿಯ ಕಲ್ಲಿನಲ್ಲಿ ಅಶೋಕನ ಅಕ್ಷರವೂ ಇದೆ, ಮೂರ್ತಿಗಾಗಿ ಕೊರೆದ ರಂಧ್ರವೂ ಇದೆ. ರಂಧ್ರವಿದೆ ಎಂದು ಯಾರೂ ಅದನ್ನು ಪೀಠ ಅನ್ನುವುದಿಲ್ಲ.

ಹಾಗಾಗಿ ನನ್ನದೊಂದು ರೂಢಿ. ಮೂಲ ಯಾವುದು ಎಂದವರನ್ನು, ಯಾವ ಕೆಲಸಕ್ಕೆ ಬೇಕು ಎಂದು ಕೇಳುತ್ತೇನೆ. ತಹಶೀಲ್ದಾರ ಕಚೇರಿಯಾದರೆ ಅಪ್ಪನ ಶಾಲಾ ದಾಖಲೆ ಸಹಿತ ಎಲ್ಲ ಕಾಗದ ಮುಂದಿಡುತ್ತೇನೆ. ಬಾಡಿಗೆ ಮನೆ ತೋರಿಸುವವರಾದರೆ ಮುಂಗಡ ಎಷ್ಟು, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ನಾನೇ ವಿಚಾರಿಸುತ್ತೇನೆ.

ನಮೋ ಬುದ್ಧಾಯ. ಜೈ ಭೀಮ್.