ಬನ್ನಿಯ ಬಂಗಾರ ಮತ್ತು ಕೌತ್ಸನ ಲೆಕ್ಕ

ವಿಜಯದಶಮಿಯ ಸಂಜೆ ಕನ್ನಡಿಗರು ಬನ್ನಿಯ ಎಲೆಯನ್ನು ಹಿರಿಯರ ಕೈಗಿತ್ತು ನಮಸ್ಕರಿಸಿ, ಬಂಗಾರದಂತಹ ಬಾಳ್ವೆಯನ್ನು ಹಾರೈಸಿಕೊಳ್ಳುತ್ತಾರೆ. ನಾಗಪುರದ ಮರಾಠಿ ನೆರೆಹೊರೆಯವರು ಆಪಟೆಯ ಎಲೆಯನ್ನು ಚಿನ್ನವೆಂದೇ ಕರೆದು ಹಂಚುತ್ತಾರೆ. ಮರ ಬೇರೆ, ಮಾತು ಬೇರೆ, ಭಾವ ಒಂದೇ. ವಿಜಯದ ದಿನದಂದು ಕೈಯಿಂದ ಕೈಗೆ ಸಾಗುವ ಬಂಗಾರವು ಹಣ ಕೊಟ್ಟು ಕೊಳ್ಳುವ ಬಂಗಾರವಲ್ಲವೆಂಬುದು ಮನನಯೋಗ್ಯವಾದ ಸಂಗತಿ.

ಸೀತಾಬರ್ಡಿಯ ಗುಡ್ಡದ ಮೇಲೆ 1817ರ ನವೆಂಬರ್ ತಿಂಗಳಿನಲ್ಲಿ ಭೋಸಲೆಯವರ ಸೇನೆಗೂ ಇಂಗ್ಲಿಷ್ ಕಂಪನಿಯ ಪಡೆಗೂ ಯುದ್ಧವಾಯಿತು. ಆ ಯುದ್ಧ ಎರಡು ದಿನಗಳಲ್ಲಿ ಮುಗಿಯಿತು. ಗುಡ್ಡದ ಕೆಳಗಿನ ಪೇಟೆಯಲ್ಲಿ ಗೃಹಸ್ಥನ ಮನಸ್ಸಿನೊಳಗೆ ನಡೆಯುವ ಯುದ್ಧವಾದರೋ ಪ್ರತಿ ಹಬ್ಬಕ್ಕೂ ಹೊಸದಾಗಿ ಆರಂಭವಾಗುತ್ತದೆ. ಟೇಕಡಿ ಗಣಪತಿಯ ದರ್ಶನ ಮಾಡಿಕೊಂಡು, ಮಗನಿಗೊಂದು ಅಂಗಿ, ಪೂಜೆಗಿಷ್ಟು ಹೂವು ಕೊಳ್ಳಬೇಕೆಂದು ಹೊರಟವನನ್ನು ಅಂಗಡಿಯ ದೀಪಗಳೂ ಬೀದಿ ವ್ಯಾಪಾರಿಗಳ ಕೂಗೂ ತಡೆದು ನಿಲ್ಲಿಸುತ್ತವೆ. ರಿಯಾಯಿತಿ ಇಂದಿಗಷ್ಟೇ ಎನ್ನುತ್ತದೆ ಫಲಕ. ಹಣವಿಲ್ಲದಿದ್ದರೆ ಕಂತಿನಲ್ಲಿ ಕೊಡಬಹುದೆನ್ನುತ್ತಾನೆ ವರ್ತಕ. ಈಗಂತೂ ಪೇಟೆಗೆ ಹೋಗಲೇಬೇಕೆಂದಿಲ್ಲ. ಜೇಬಿನ ಮೊಬೈಲಿನೊಳಗೇ ಪೇಟೆ ಕುಳಿತಿದೆ. ಇತ್ತ ಸಂಬಳವೋ ಮಿತವಾದದ್ದು. ಮನೆಬಾಡಿಗೆ, ಮಕ್ಕಳ ಶುಲ್ಕ, ಊರಿನಲ್ಲಿರುವ ತಾಯಿಯ ಔಷಧ, ದೀಪಾವಳಿಗೆ ಊರಿಗೆ ಹೋಗುವ ರೈಲಿನ ದರ, ಇವೆಲ್ಲಕ್ಕೂ ಅದೇ ಆಧಾರ.

ಮನುಷ್ಯನು ಜಾರುವ ಮೆಟ್ಟಿಲುಗಳನ್ನು ಭಗವದ್ಗೀತೆಯ ಎರಡನೆಯ ಅಧ್ಯಾಯ ಕ್ರಮವಾಗಿ ತೋರಿಸಿದೆ. ಅಲ್ಲಿ ಮೊದಲ ಮೆಟ್ಟಿಲು ವಸ್ತುವನ್ನು ಕಾಣುವುದಲ್ಲ, ಕಂಡದ್ದನ್ನು ಮತ್ತೆ ಮತ್ತೆ ನೆನೆಯುವುದು. ನೆನಪು ನಂಟಾಗುತ್ತದೆ, ನಂಟು ಬಯಕೆಯಾಗುತ್ತದೆ. ಬಯಕೆಗೆ ಮನೆಯವಳು ಅಡ್ಡ ಬಂದರೆ ಕೋಪ ತಲೆದೋರುತ್ತದೆ. ಕೋಪದ ಮಬ್ಬಿನಲ್ಲಿ ಸ್ಮೃತಿ ತಪ್ಪುತ್ತದೆ. ಸ್ಮೃತಿ ತಪ್ಪಿದ ಮೇಲೆ ಬುದ್ಧಿಗೆ ಉಳಿಗಾಲವಿಲ್ಲ. ಸ್ಮೃತಿ ತಪ್ಪುವುದೆಂದರೆ ಗೃಹಸ್ಥನ ಪಾಲಿಗೆ ಏನು? ತಾಯಿಯ ಔಷಧಕ್ಕೆಂದು ತೆಗೆದಿಟ್ಟ ಹಣ ಯಾವುದಕ್ಕೆಂದು ತೆಗೆದಿಟ್ಟದ್ದೆಂಬುದೇ ಮರೆತುಹೋಗುವುದು. ಕೊಂಡ ವಸ್ತು ಬೀರುವಿನಲ್ಲಿ ಮೂಲೆ ಸೇರಿದ ಮೇಲೂ ಸಾಲದ ಕಂತು ತಿಂಗಳು ತಿಂಗಳೂ ಬಾಗಿಲು ತಟ್ಟುತ್ತದೆ.

ದಸರೆಯ ಚಿನ್ನದ ಎಲೆಗೆ ಜನರು ಹೇಳಿಕೊಂಡು ಬಂದಿರುವ ಕಥೆಯಲ್ಲಿಯೇ ಇದಕ್ಕೆ ಮದ್ದು ಇದೆ. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿಯೂ ಆ ಪ್ರಸಂಗ ಬರುತ್ತದೆ. ವರತಂತು ಋಷಿಯ ಶಿಷ್ಯ ಕೌತ್ಸನು ಹದಿನಾಲ್ಕು ವಿದ್ಯೆಗಳ ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನನ್ನು ಬೇಡಲು ರಘು ಮಹಾರಾಜನ ಬಳಿಗೆ ಬಂದನು. ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿದ್ದ ರಘುವು ಅತಿಥಿಗೆ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ತಂದನು. ಮಣ್ಣಿನ ಪಾತ್ರೆಯಿಂದ ಆ ಚಕ್ರವರ್ತಿಯ ಮಾನಕ್ಕೆ ಕುಂದು ಬರಲಿಲ್ಲ. ಕುಬೇರನ ಮೇಲೆ ದಂಡೆತ್ತಲು ಆತನು ಸಿದ್ಧನಾದಾಗ, ಭಂಡಾರದಲ್ಲಿ ರಾತ್ರೋರಾತ್ರಿ ಹೊನ್ನಿನ ಮಳೆ ಸುರಿಯಿತು. ಎಲ್ಲವನ್ನೂ ಒಯ್ಯೆಂದನು ರಾಜ. ಹದಿನಾಲ್ಕು ಕೋಟಿಯ ಮೇಲೆ ಒಂದು ಹೊನ್ನೂ ಬೇಡವೆಂದನು ಕೌತ್ಸ. ಉಳಿದ ಹೊನ್ನನ್ನು ಮರದಡಿ ರಾಶಿ ಹಾಕಿ ಜನರಿಗೆ ಬಿಟ್ಟರೆಂದು ಜನಪದರು ಹೇಳುತ್ತಾರೆ.

ಕೌತ್ಸನನ್ನು ಕಾಪಾಡಿದ್ದು ಯಾವುದು? ಹೊನ್ನಿನ ರಾಶಿಯೆದುರು ನಿಂತು ಅವನು ಲೆಕ್ಕ ಹಾಕಲಿಲ್ಲ. ಲೆಕ್ಕವನ್ನು ಮೊದಲೇ ಗುರುವಿನ ಸನ್ನಿಧಿಯಲ್ಲಿ ಅರಿತು ಬಂದಿದ್ದನು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಡ ದಂಪತಿಗಳಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇದೇ ಅಳತೆಯಿಂದ ಬಾಳಿದರು. ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನ ಅಕ್ಕಿಯನ್ನು ಮರಳಿ ಅಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ಬಡತನವಿದ್ದದ್ದು ಮನೆಯಲ್ಲಿ, ಅವಳ ಮನಸ್ಸಿನಲ್ಲಿ ಅಲ್ಲ.

ಆದುದರಿಂದ ಪೇಟೆಗೆ ಹೊರಡುವ ಮೊದಲು ದೇವರ ದೀಪದ ಮುಂದೆ ಪತಿಪತ್ನಿಯರಿಬ್ಬರೂ ಕುಳಿತು ಬೇಕಾದುದನ್ನು ಚೀಟಿಯಲ್ಲಿ ಬರೆದು, ಅಷ್ಟೇ ಹಣವನ್ನು ಎಣಿಸಿಕೊಂಡು ಹೋಗುವುದೂ ಒಂದು ಸಂಕಲ್ಪವೇ. ಚೀಟಿಯಲ್ಲಿಲ್ಲದ ವಸ್ತು ಮನ ಸೆಳೆದರೆ ಅದಕ್ಕೆ ಹದಿನೈದು ದಿನಗಳ ಗಡುವು ಕೊಡಲಿ. ಹುಣ್ಣಿಮೆಯ ಬಯಕೆ ಅಮಾವಾಸ್ಯೆಯವರೆಗೆ ಉಳಿದರೆ ಆಗ ವಿಚಾರ ಮಾಡಬಹುದು. ಬಹುತೇಕ ಬಯಕೆಗಳು ಉಳಿಯುವುದಿಲ್ಲ. ಇದು ಜಿಪುಣತನವಲ್ಲ. ಜಿಪುಣನು ಕೊಡಬೇಕಾದಲ್ಲಿಯೂ ಕೈ ಬಿಗಿಹಿಡಿಯುತ್ತಾನೆ. ಸಂಯಮಿಯು ಕೊಡಬೇಕಾದಲ್ಲಿ ಕೊಡುವುದಕ್ಕಾಗಿಯೇ ಬೇಡವಾದಲ್ಲಿ ಕೈ ಹಿಡಿಯುತ್ತಾನೆ.

ದಸರೆಯಂದು ಸೀಮೋಲ್ಲಂಘನ ಮಾಡುವುದು ಪದ್ಧತಿ. ಊರ ಸೀಮೆಯನ್ನು ದಾಟುವುದು ವಿಜಯ. ಆದಾಯದ ಸೀಮೆಯನ್ನು ದಾಟುವುದು ಪರಾಜಯ. ಈ ವಿವೇಕವನ್ನು ಜಗನ್ಮಾತೆಯು ಪ್ರತಿಯೊಂದು ಮನೆಗೂ ಕರುಣಿಸಲಿ. ಬನ್ನಿಯ ಎಲೆಯಲ್ಲಿ ಬಂಗಾರವನ್ನು ಕಾಣುವ ಕಣ್ಣು ಎಲ್ಲರಿಗೂ ಲಭಿಸಲಿ.