ಪಹಣಿಯ ಹನ್ನೆರಡನೇ ಕಾಲಂ

ಉಳದೇ ಇರೋರು ಹೊಲದ ಒಡೆಯರಾಗಬಹುದಾ? ಆಗಬಹುದು ಅಂದರೆ, ಯಾವ ಷರತ್ತಿನ ಮೇಲೆ?

ಇದು ಹಳೇ ಪ್ರಶ್ನೆ. ಕರ್ನಾಟಕ 1974ರಲ್ಲಿ ಇದಕ್ಕೆ ಕಾನೂನಿನಲ್ಲೇ ಉತ್ತರ ಬರೆದಿತ್ತು. ಈಗ ಅದು ಕೆನಡಾದಲ್ಲಿರೋ ನಮ್ಮಂಥವರ ಮುಂದೆ ಬೇರೆ ವೇಷದಲ್ಲಿ ಬಂದು ನಿಂತಿದೆ. ಟೊರಾಂಟೊ, ವ್ಯಾಂಕೂವರ್‌ಗಳಲ್ಲಿ ಮನೆ ಬೆಲೆ ಕೈಗೆ ಎಟುಕದ ಹಾಗೆ ಏರಿದ ಮೇಲೆ, ಐಟಿ ಸ್ನೇಹಿತರ ಮಾತು ಪ್ರೇರಿ ಬಯಲಿನ ಕಡೆ ತಿರುಗಿದೆ. "ಸಸ್ಕಾಚೆವನ್‌ನಲ್ಲಿ ಎರಡು ಕ್ವಾರ್ಟರ್ ಜಮೀನು ಮಾರಾಟಕ್ಕಿದೆ, ಆರು ಜನ ಸೇರಿದರೆ ಆಗತ್ತೆ. ನಾವು ಅಲ್ಲಿಗೆ ಹೋಗೋದೂ ಬೇಡ, ಪಕ್ಕದ ರೈತನಿಗೆ ಗುತ್ತಿಗೆ ಕೊಟ್ಟರೆ ಆಯ್ತು." ಇಂಥದೊಂದು ಪ್ರಸ್ತಾಪ ನಮ್ಮ ಗುಂಪಿಗೂ ಬಂತು. ನನ್ನ ಕೆಲಸ ಡೇಟಾ ಸೈನ್ಸ್ ಆದ್ದರಿಂದ ಲೆಕ್ಕ ಹಾಕೋ ಜವಾಬ್ದಾರಿ ನನ್ನ ಪಾಲಿಗೆ ಬಿತ್ತು. ಲೆಕ್ಕ ಕಷ್ಟದ್ದೇನಲ್ಲ. ಆ ಲೆಕ್ಕದ ಹಾಳೆಯಲ್ಲಿ ಇಲ್ಲದ ಕಾಲಂಗಳ ಬಗ್ಗೆ ಈ ಬರಹ.

ಒಂದು ಕ್ವಾರ್ಟರ್ ಅಂದರೆ

ಪ್ರೇರಿಯನ್ನ ವಿಮಾನದಿಂದ ನೋಡಿದವರಿಗೆ ಗೊತ್ತು, ನೆಲ ಚದುರಂಗದ ಹಾಸಿನ ಹಾಗೆ ಕಾಣತ್ತೆ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದೊಂದು ಟೌನ್‌ಶಿಪ್. ಅದರೊಳಗೆ 640 ಎಕರೆಯ 36 ಸೆಕ್ಷನ್. ಸೆಕ್ಷನ್ನಿನ ಕಾಲು ಭಾಗ ಕ್ವಾರ್ಟರ್, ಅಂದರೆ 160 ಎಕರೆ. 1872ರ ಡೊಮಿನಿಯನ್ ಲ್ಯಾಂಡ್ಸ್ ಆ್ಯಕ್ಟ್ ಪ್ರಕಾರ ಹತ್ತು ಡಾಲರ್ ಶುಲ್ಕ ಕಟ್ಟಿ, ಅಲ್ಲೇ ವಾಸ ಮಾಡಿ ಉತ್ತು ತೋರಿಸಿದ ವಲಸಿಗನಿಗೆ ಒಂದು ಕ್ವಾರ್ಟರ್ ಸಿಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ 6,400 ಗುಂಟೆ. ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ಮೂರು ಎಕರೆ ಚಿಲ್ಲರೆ. ಇಲ್ಲಿ ಒಂದು ಕ್ವಾರ್ಟರ್ ಇಟ್ಟುಕೊಂಡು ಯಾರೂ ಈಗ ಬೇಸಾಯ ಮಾಡಿ ಬದುಕಲ್ಲ. 2021ರ ಕೃಷಿ ಗಣತಿಯಲ್ಲಿ ಸಸ್ಕಾಚೆವನ್‌ನ ಸರಾಸರಿ ಫಾರ್ಮ್ 1,766 ಎಕರೆ.

ಯಾರು ಕೊಳ್ಳಬಹುದು? ಇಲ್ಲಿನ ಕಾನೂನಿನ ಪ್ರಕಾರ ಕೆನಡಾದ ಪ್ರಜೆಗಳು, ಪರ್ಮನೆಂಟ್ ರೆಸಿಡೆಂಟ್‌ಗಳು ಕೊಳ್ಳಬಹುದು. ಹೊರದೇಶದವರಿಗೆ ಸಸ್ಕಾಚೆವನ್‌ನಲ್ಲಿ 10 ಎಕರೆಯ ಮಿತಿ, ಆಲ್ಬರ್ಟಾದಲ್ಲಿ 20, ಮ್ಯಾನಿಟೋಬಾದಲ್ಲಿ 40. ತಮಾಷೆ ನೋಡಿ. ಎನ್‌ಆರ್‌ಐ ಆದ ನಾನು ಭಾರತದಲ್ಲಿ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಹುಟ್ಟಿದ ಊರಲ್ಲಿ ಒಂದು ಗುಂಟೆ ಗದ್ದೆ ಕೊಳ್ಳಲಾಗದವನು, ಪಿಆರ್ ಕಾರ್ಡ್ ಇದೆ ಅಂತ ಇಲ್ಲಿ 320 ಎಕರೆ ಕೊಳ್ಳಬಹುದು.

ಎರಡೂ ಸರ್ಕಾರಗಳ ಭಯ ಒಂದೇ: ದೂರದ ದುಡ್ಡು ಬಂದು ಹತ್ತಿರದ ರೈತನನ್ನ ಹೊರಗೆ ತಳ್ಳತ್ತೆ ಅನ್ನೋದು. 2013ರ ಕೊನೆಯಲ್ಲಿ ಕೆನಡಾ ಪೆನ್ಷನ್ ಪ್ಲಾನಿನ ಹೂಡಿಕೆ ಮಂಡಳಿ ಸಸ್ಕಾಚೆವನ್‌ನ ಸುಮಾರು 1,15,000 ಎಕರೆಯನ್ನ 12.8 ಕೋಟಿ ಡಾಲರ್ ಕೊಟ್ಟು ಒಂದೇ ಸಲಕ್ಕೆ ಕೊಂಡಿತು. ಆ ಪೆನ್ಷನ್ ಹಣ ಯಾರದ್ದು? ಕ್ವಿಬೆಕ್ ಬಿಟ್ಟರೆ ಈ ದೇಶದಲ್ಲಿ ಸಂಬಳ ತಗೊಳ್ಳೋ ಎಲ್ಲರದ್ದು. ಸಸ್ಕಾಚೆವನ್ ರೈತನ ಕಂತೂ ಅದರಲ್ಲಿ ಸೇರಿತ್ತು. ಅವನ ದುಡ್ಡೇ ಅವನ ಪಕ್ಕದ ಹೊಲಕ್ಕೆ ಪೈಪೋಟಿಗೆ ಬಂದ ಹಾಗಾಯ್ತು. ವಿರೋಧ ಜೋರಾದ ಮೇಲೆ ಪ್ರಾಂತ್ಯ ಕಾನೂನು ತಿದ್ದಿ, ಪೆನ್ಷನ್ ನಿಧಿಗಳು ಮತ್ತು ದೊಡ್ಡ ಟ್ರಸ್ಟ್‌ಗಳು ಕೃಷಿ ಭೂಮಿ ಕೊಳ್ಳದಂತೆ ತಡೆಯಿತು. ನಮ್ಮಂಥ ಆರು ಜನರ ಗುಂಪನ್ನ ಆ ಕಾನೂನು ತಡೆಯಲ್ಲ. ಹಾಗಾಗಿ ನಮ್ಮ ಮುಂದೆ ಇರೋದು ಕಾನೂನಿನ ಪ್ರಶ್ನೆ ಅಲ್ಲ, ನ್ಯಾಯದ್ದು.

ಕೊಳ್ಳೋದರಲ್ಲಿ ತಪ್ಪೇನು?

ಮೊದಲು ಪರವಾದ ಮಾತನ್ನ ಸರಿಯಾಗಿ ಕೇಳಿಸಿಕೊಳ್ಳೋಣ. ಕೆನಡಾದ ರೈತರ ಸರಾಸರಿ ವಯಸ್ಸು 56. ಮಕ್ಕಳು ಊರು ಬಿಟ್ಟಿದ್ದಾರೆ, ನಾವು ಬಿಟ್ಟ ಹಾಗೇ. ನಲವತ್ತು ವರ್ಷ ದುಡಿದ ದಂಪತಿಗೆ ಆ ಜಮೀನೇ ಪೆನ್ಷನ್. ಕೊಳ್ಳೋರು ಕಡಿಮೆಯಾದರೆ ನಷ್ಟ ಅವರಿಗೆ. ಇನ್ನೊಂದು ಕಡೆ, ಬೇಸಾಯ ಶುರು ಮಾಡಬೇಕು ಅನ್ನೋ ಹುಡುಗನಿಗೆ ಟ್ರ್ಯಾಕ್ಟರ್, ಕಂಬೈನ್, ಬೀಜ, ಗೊಬ್ಬರದ ಸಾಲವೇ ತಲೆ ಮೇಲಿರತ್ತೆ. ಜಮೀನಿಗೂ ಅವನೇ ಸಾಲ ಮಾಡಬೇಕು ಅಂದರೆ ಶುರುವೇ ಆಗಲ್ಲ. ಯಾರೋ ಜಮೀನು ಕೊಂಡು ಗುತ್ತಿಗೆಗೆ ಕೊಟ್ಟರೆ ಅವನಿಗೊಂದು ದಾರಿ.

ಹೊರಗಿನವರಿಂದಲೇ ಹಳ್ಳಿಗಳು ಹಾಳಾದವು ಅನ್ನೋದೂ ನಿಜ ಅಲ್ಲ. 1936ರಲ್ಲಿ ಸಸ್ಕಾಚೆವನ್‌ನಲ್ಲಿ ಸುಮಾರು 1,42,000 ಫಾರ್ಮ್‌ಗಳಿದ್ದವು. 2021ರಲ್ಲಿ ಉಳಿದದ್ದು 34,128. ಈ ಇಳಿಕೆಯ ಬಹುಪಾಲು ಆದದ್ದು ಯಂತ್ರಗಳಿಂದ, ಬರದಿಂದ, ಪಕ್ಕದ ಹೊಲವನ್ನ ಪಕ್ಕದವನೇ ಕೊಂಡದ್ದರಿಂದ. ಹೊರಗಿನವರು ಬೇಡ ಅನ್ನೋ ಮಾತಿನ ಹಿಂದೆ ಕೆಲವು ಸಲ ಬಣ್ಣ, ಹೆಸರುಗಳ ಬಗ್ಗೆ ಬೇರೆಯದೇ ಅಸಮಾಧಾನ ಇರತ್ತೆ ಅನ್ನೋದೂ ನಮಗೆಲ್ಲ ಗೊತ್ತಿರೋದೇ.

ಇಷ್ಟೆಲ್ಲ ಒಪ್ಪಿದ ಮೇಲೂ ನನ್ನ ಲೆಕ್ಕದ ಹಾಳೆ ಒಂದು ವಿಷಯ ಹೇಳ್ತಿತ್ತು. ಗುತ್ತಿಗೆ ಹಣ ಜಮೀನಿನ ಬೆಲೆಯ ತೀರಾ ಸಣ್ಣ ಪಾಲು. ಸಾಲ ಮಾಡಿ ಕೊಂಡರೆ ಅದು ಬಡ್ಡಿಗೂ ಸಾಲಲ್ಲ. ಹಾಗಿದ್ದರೆ ಲಾಭ ಎಲ್ಲಿಂದ? ಬೆಲೆ ಏರಿಕೆಯಿಂದ. 2023 ಒಂದೇ ವರ್ಷದಲ್ಲಿ ಸಸ್ಕಾಚೆವನ್ ಕೃಷಿ ಭೂಮಿಯ ಬೆಲೆ ಶೇ. 15.7ರಷ್ಟು ಏರಿತು. ಅಂದರೆ ನಮ್ಮ ಯೋಜನೆ ಗೆಲ್ಲೋದು ಹತ್ತು ವರ್ಷದ ನಂತರ ಆ ಜಮೀನು ಇನ್ನೂ ದುಬಾರಿಯಾಗಿದ್ದರೆ ಮಾತ್ರ. ಅದನ್ನ ಉಳುತ್ತಿರೋ ಹುಡುಗ ಎಂದಾದರೂ ಕೊಳ್ಳೋ ಕನಸು ಕಾಣೋದು ಬೆಲೆ ಏರದೇ ಇದ್ದರೆ. ನಮಗೆ ಒಳ್ಳೇದು ಅನ್ನಿಸೋ ಪ್ರತಿ ಸಂಖ್ಯೆ ಅವನಿಗೆ ಕೆಟ್ಟದ್ದು.

ಕಷ್ಟ ನಷ್ಟದ ಹಂಚಿಕೆಯೂ ಹಾಗೇ. ಇಲ್ಲಿನ ಮಸೂರ್ ಬೇಳೆ, ಬಟಾಣಿ ನಮ್ಮ ದೇಶಕ್ಕೆ ದೊಡ್ಡ ಪ್ರಮಾಣದಲ್ಲಿ ಹೋಗತ್ತೆ. 2017ರ ಕೊನೆಯಲ್ಲಿ ಭಾರತ ಬಟಾಣಿಗೆ ಶೇ. 50, ಮಸೂರಿಗೆ ಶೇ. 30 ಆಮದು ಸುಂಕ ಹಾಕಿತು. 2021ರಲ್ಲಿ ಭೀಕರ ಬರ ಬಂತು. ನಗದು ಗುತ್ತಿಗೆಯಲ್ಲಿ ಈ ಎರಡೂ ಹೊಡೆತ ಬೀಳೋದು ಉಳುವವನ ಮೇಲೆ. ಒಡೆಯನ ಬ್ಯಾಂಕ್ ಖಾತೆಗೆ ಮಳೆ ಬಂತೋ ಇಲ್ಲವೋ ಗೊತ್ತಾಗಲ್ಲ.

ಎರಡು ಕಾಲಂ

ನಮ್ಮ ಅಜ್ಜ ಸಾಗರದ ಕಡೆ ಗೇಣಿ ರೈತ. ಗೇಣಿ ಅಂದರೆ ಬೇರೆಯವರ ಗದ್ದೆ ಉಳೋದಕ್ಕೆ ಒಡೆಯನಿಗೆ ಅಳೆದು ಕೊಡೋ ಭತ್ತ. ಅದೇ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ದೊಡ್ಡ ಸತ್ಯಾಗ್ರಹ ಆಯ್ತು. ಶುರುವಾದದ್ದು ಗೇಣಿ ಅಳೆಯೋ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನೋ ಜಗಳದಿಂದ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಂದು, ತಿದ್ದುಪಡಿಯಾದ ಭೂ ಸುಧಾರಣಾ ಕಾಯ್ದೆ ಜಾರಿಗೆ ಬಂತು. ಗೇಣಿಗೆ ಕೊಡೋದೇ ನಿಷಿದ್ಧವಾಯ್ತು. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ. ಅಜ್ಜ 7ನೇ ನಮೂನೆಯಲ್ಲಿ ಡಿಕ್ಲರೇಷನ್ ಹಾಕಿದರು, ಗದ್ದೆ ಅವರ ಹೆಸರಿಗಾಯ್ತು. ಅಪ್ಪ ಓದಿದ್ದು, ಆಮೇಲೆ ನಾನು ಸಸ್ಕಟೂನಿಗೆ ಬಂದು ಎಂ.ಎಸ್. ಮಾಡಿದ್ದು, ಎಲ್ಲಕ್ಕೂ ಬುಡ ಆ ಗದ್ದೆ. ಆ ಅಜ್ಜನ ಮೊಮ್ಮಗ ಈಗ ಗೇಣಿ ತಗೊಳ್ಳೋ ಒಡೆಯನಾಗಬೇಕಾ ಅನ್ನೋದು ನನಗೆ ಬರೀ ತತ್ತ್ವದ ಪ್ರಶ್ನೆ ಆಗಿರಲಿಲ್ಲ.

ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗಾಗಿ ಪಹಣಿ ಅಂದರೇನು ಅಂತ ಹೇಳ್ತೀನಿ. ಕರ್ನಾಟಕದಲ್ಲಿ ಪ್ರತಿ ಹೊಲಕ್ಕೂ ಇರೋ ಸರ್ಕಾರಿ ದಾಖಲೆ ಅದು, ಆರ್‌ಟಿಸಿ ಅಂತಲೂ ಕರೀತಾರೆ. ಅದರ 9ನೇ ಕಾಲಂನಲ್ಲಿ ಒಡೆಯರ ಹೆಸರು. 12ನೇ ಕಾಲಂನಲ್ಲಿ ಸಾಗುವಳಿ ಮಾಡೋರ ಹೆಸರು, ಬೆಳೆಯ ವಿವರ. ಒಡೆತನ ಬೇರೆ, ಉಳುಮೆ ಬೇರೆ, ಎರಡೂ ಬರೆದಿಡೋ ಅಷ್ಟು ಮುಖ್ಯ ಅಂತ ಆ ಕಾಗದವೇ ಒಪ್ಪಿಕೊಂಡಿದೆ. ಸಸ್ಕಾಚೆವನ್‌ನಲ್ಲಿರೋದು ಟೊರೆನ್ಸ್ ಪದ್ಧತಿ. ಟೈಟಲ್ ಯಾರ ಹೆಸರಲ್ಲಿದೆಯೋ ಅವರೇ ಒಡೆಯರು, ಅಲ್ಲಿಗೆ ಮಾತು ಮುಗೀತು. ಗುತ್ತಿಗೆಯನ್ನ ಬೇಕಾದರೆ ನೋಂದಾಯಿಸಬಹುದು. ಆದರೆ ಉಳುವವನಿಗೆ ಅಂತಲೇ ಒಂದು ಕಾಲಂ ಇಲ್ಲ.

ಹಾಗಾದರೆ "ಉಳುವವನೇ ಹೊಲದೊಡೆಯ" ಅಂದುಬಿಟ್ಟರೆ ಉತ್ತರ ಸಿಕ್ಕಿತಾ? ನಾನೂ ಬಹಳ ದಿನ ಹಾಗೇ ಯೋಚಿಸ್ತಿದ್ದೆ. ಪ್ರೇರಿಯ ಚರಿತ್ರೆ ಓದಿದ ಮೇಲೆ ಅದು ಅಷ್ಟು ಸುಲಭ ಅಲ್ಲ ಅನ್ನಿಸ್ತು.

ನೇಗಿಲು ಇಳಿಯುವಷ್ಟು ಆಳ

ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ಹೇಳಿದ್ದು ನಮ್ಮ ಘೋಷಣೆಗೆ ಹತ್ತಿರದ ಮಾತೇ. ಯಾರು ನೆಲದಲ್ಲಿ ತಮ್ಮ ದುಡಿಮೆ ಬೆರೆಸುತ್ತಾರೋ ನೆಲ ಅವರದ್ದು, ಆದರೆ ಬೇರೆಯವರಿಗೂ ಅಷ್ಟೇ ಒಳ್ಳೆಯದು ಸಾಕಷ್ಟು ಉಳಿದಿರಬೇಕು. ಅದೇ ಲಾಕ್ ಅಮೆರಿಕದ ಉಳದ ನೆಲವನ್ನ ಪಾಳು ಅಂದ. ವಸಾಹತುಗಾರರಿಗೆ ಅಷ್ಟು ಸಾಕಾಯ್ತು. ಕಾಡೆಮ್ಮೆ ಬೇಟೆಯ ಮೇಲೆ ಬದುಕಿದ್ದ ಕ್ರೀ, ಸೋಟೊ ಜನ ಉಳುತ್ತಿರಲಿಲ್ಲ, ಆದ್ದರಿಂದ ಅವರು ಒಡೆಯರಲ್ಲ ಅನ್ನೋ ತರ್ಕ ಹುಟ್ಟಿತು. ನಮ್ಮ ಅಜ್ಜನಿಗೆ ಗದ್ದೆ ಕೊಟ್ಟ ತತ್ತ್ವವೇ ಇಲ್ಲಿ ಇನ್ನೊಬ್ಬರ ನೆಲ ಕಿತ್ತುಕೊಳ್ಳೋಕೆ ನೆಪವಾಯ್ತು.

1874ರಲ್ಲಿ ನಾಲ್ಕನೇ ಒಪ್ಪಂದ, 1876ರಲ್ಲಿ ಆರನೇ ಒಪ್ಪಂದ ಆದವು. ಈ ಬಯಲಿನ ಮೂಲನಿವಾಸಿ ಹಿರಿಯರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿರೋ ನೆನಪಿನ ಪ್ರಕಾರ, ಅವರು ಹಂಚಿಕೊಳ್ಳೋಕೆ ಒಪ್ಪಿದ್ದು ನೇಗಿಲು ಇಳಿಯುವಷ್ಟು ಆಳದ ಮಣ್ಣನ್ನ ಮಾತ್ರ. ಕಾಗದದಲ್ಲಿ ಬರೆದದ್ದು ಪೂರ್ತಿ ನೆಲವನ್ನ ಬಿಟ್ಟುಕೊಟ್ಟರು ಅಂತ. ರಿಸರ್ವ್‌ಗಳಲ್ಲಿ ಬೇಸಾಯಕ್ಕೆ ಇಳಿದವರನ್ನೂ ಬಿಡಲಿಲ್ಲ. ಬೆಳೆದದ್ದನ್ನ ಮಾರೋಕೆ ಅಧಿಕಾರಿಯ ಪರ್ಮಿಟ್ ಬೇಕಿತ್ತು. 1889ರಿಂದ ಕೆಲವು ವರ್ಷ ಅವರು ಯಂತ್ರಗಳನ್ನ ಬಳಸದೆ ಕೈ ಸಲಕರಣೆಗಳಲ್ಲೇ ಬೇಸಾಯ ಮಾಡಬೇಕು ಅನ್ನೋ ನೀತಿಯೂ ಇತ್ತು. ಉಳದಿದ್ದಾಗ ಒಡೆಯರಲ್ಲ ಅಂದರು, ಉಳೋಕೆ ಬಂದಾಗ ನೇಗಿಲನ್ನೇ ಹಿಡಿದು ನಿಲ್ಲಿಸಿದರು.

ಒಪ್ಪಂದದಲ್ಲಿ ಹೇಳಿದಷ್ಟು ಜಮೀನೂ ಹಲವು ಫಸ್ಟ್ ನೇಷನ್‌ಗಳಿಗೆ ಸಿಗಲಿಲ್ಲ. 1992ರಲ್ಲಿ ಆದ ಒಡಂಬಡಿಕೆಯಲ್ಲಿ ಸರ್ಕಾರಗಳು ಹಣ ಕೊಟ್ಟವು. ಆ ಹಣದಲ್ಲಿ ಅವರು ಮಾರುಕಟ್ಟೆಯಲ್ಲಿ, ಮಾರಲು ಒಪ್ಪಿದವರಿಂದ ಜಮೀನು ಕೊಳ್ಳಬೇಕು. ತಮ್ಮದೇ ನೆಲವನ್ನ ಮಾರುಕಟ್ಟೆ ಬೆಲೆಗೆ! ಹಣ ಆಗಲೇ ನಿಗದಿಯಾಗಿತ್ತು, ಬೆಲೆ ಮಾತ್ರ ನಿಲ್ಲಲಿಲ್ಲ. ಅಂದರೆ ಬೆಲೆ ಏರಲಿ ಅಂತ ಕಾಯೋ ನಾವು, ಇವರ ದಾರಿಯಲ್ಲೂ ನಿಂತಿರ್ತೀವಿ.

ನನಗೆ ಈಗ ಸರಿ ಅನ್ನಿಸೋದು ಇಷ್ಟು. ದುಡಿಮೆಯಾಗಲಿ ದುಡ್ಡಾಗಲಿ ಒಂಟಿಯಾಗಿ ನೆಲದ ಮೇಲೆ ಪೂರ್ತಿ ಹಕ್ಕು ಕೊಡಲ್ಲ. ನೆಲ ಹಿಡಿದವರು ಅದರಿಂದ ಬದುಕುವವರಿಗೆ ಉತ್ತರ ಕೊಡಬೇಕಾಗತ್ತೆ. ಉಳುವ ಒಡೆಯನಿಗೂ ಇದು ಅನ್ವಯ. ಉಳದ ಒಡೆಯನಿಗೆ ಇನ್ನೂ ಹೆಚ್ಚು, ಯಾಕಂದ್ರೆ ಅವನು ಆ ಊರಿನ ಅಂಗಡಿಯಲ್ಲಿ, ಶಾಲೆಯ ಸಭೆಯಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಇದನ್ನ ಲೆಕ್ಕಕ್ಕೆ ಇಳಿಸಿ ನೋಡಿದೆ. ಗುತ್ತಿಗೆ ವರ್ಷ ವರ್ಷಕ್ಕೆ ಬೇಡ, ಕನಿಷ್ಠ ಹತ್ತು ವರ್ಷಕ್ಕೆ ಇರಲಿ. ನಗದು ಬೇಡ, ಬೆಳೆಯಲ್ಲಿ ಪಾಲು ಇರಲಿ, ಬರ ಬಂದರೆ ನಮಗೂ ತಟ್ಟಲಿ. ಮಾರುವಾಗ ಮೊದಲು ಉಳುವವರನ್ನೇ ಕೇಳಬೇಕು, ಅದೂ ಮೊದಲೇ ಒಪ್ಪಿದ ಬೆಲೆಗೆ. ಈ ಮೂರು ಷರತ್ತು ಸೇರಿಸಿದ ತಕ್ಷಣ ನಮ್ಮ ಲಾಭ ಬ್ಯಾಂಕಿನ ಫಿಕ್ಸೆಡ್ ಡೆಪಾಸಿಟ್‌ಗಿಂತ ಕೆಳಗೆ ಇಳೀತು. ಗುಂಪಿನಲ್ಲಿ ಒಬ್ಬರು ಕೇಳಿದರು, "ಹಾಗಾದರೆ ಯಾಕಪ್ಪಾ ಕೊಳ್ಳಬೇಕು?" ಅವರ ಪ್ರಶ್ನೆ ಸರಿಯಾಗೇ ಇದೆ. ಉಳುವವನಿಗೆ ನ್ಯಾಯವಾದದ್ದನ್ನ ಕೊಟ್ಟ ಕೂಡಲೇ ಮಾಯವಾಗೋ ಲಾಭ, ಮಣ್ಣಿನಿಂದ ಹುಟ್ಟಿದ ಲಾಭ ಅಲ್ಲ. ನಾನು ದುಡ್ಡು ಹಾಕಲಿಲ್ಲ. ಹಾಕಿದವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ.

ಅಲ್ಲಿಗೇ ಹೋಗಿ ನೆಲೆಸಿ, ಮೈನಸ್ ಮೂವತ್ತರ ಚಳಿಯಲ್ಲಿ ದನದ ಕೊಟ್ಟಿಗೆ ನೋಡಿಕೊಂಡು, ಫಾರ್ಮನ್ನೋ ಊರಿನ ಗೊಬ್ಬರದ ಅಂಗಡಿಯನ್ನೋ ಕೊಂಡು ನಡೆಸೋ ವಲಸಿಗರ ಮಾತು ಬೇರೆ. ಮಾರಿ ಹೋಗೋ ವೃದ್ಧ ದಂಪತಿಗೆ ಬೇಕಾಗಿರೋದು ಅಂಥವರೇ. ಅವರ ಹೆಸರು ಯಾವ ದೇಶದ್ದಾದರೂ, ಎರಡೂ ಕಾಲಂನಲ್ಲಿ ಬರೆಯೋಕೆ ಅಡ್ಡಿಯಿಲ್ಲ.

ಕೊನೆಯದಾಗಿ ಒಂದು ಮಾತು. ಪ್ರೇರಿ ದೂರ, ನಮಗ್ಯಾಕೆ ಅನ್ನೋರು ಊರಿನ ಜಮೀನಿನ ಪಹಣಿಯನ್ನ ಭೂಮಿ ವೆಬ್‌ಸೈಟಿನಲ್ಲಿ ಒಮ್ಮೆ ತೆಗೆದು ನೋಡಿ. 9ನೇ ಕಾಲಂನಲ್ಲಿ ನಿಮ್ಮ ಅಪ್ಪನದ್ದೋ ದೊಡ್ಡಪ್ಪನದ್ದೋ ಹೆಸರಿರತ್ತೆ. 12ನೇ ಕಾಲಂನಲ್ಲೂ ಬಹುಶಃ ಅದೇ ಹೆಸರು. ಆದರೆ ಹದಿನೈದು ವರ್ಷದಿಂದ ಅಲ್ಲಿ ಉಳುತ್ತಿರೋರು ಯಾರು? ಅವರ ಹೆಸರು ಬರೆಸಿದರೆ ಜಮೀನು ಕೈ ಬಿಟ್ಟು ಹೋದೀತು ಅನ್ನೋ ಹೆದರಿಕೆಗೆ ಬಾಯಿ ಮಾತಿನಲ್ಲೇ ನಡೀತಿದೆಯಾ? ಬ್ಯಾಂಕ್ ಸಾಲಕ್ಕೆ, ಬೆಳೆ ಪರಿಹಾರಕ್ಕೆ ಅವರು ಏನು ತೋರಿಸ್ತಾರೆ? ಈ ವಾರ ಮನೆಗೆ ಫೋನ್ ಮಾಡಿದಾಗ ಅದನ್ನೊಂದು ಕೇಳಿ.