ಕೆಸರಿಗೆ ನೀರೂ ಬೇಕು

"ಕೈ ಕೆಸರಾದರೆ ಬಾಯಿ ಮೊಸರು." ಶಾಲೆಯಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಎಂದಾಗ ನಾವೆಲ್ಲ ಮೊದಲು ನೆನೆಯುತ್ತಿದ್ದ ಮಾತು ಇದು. ದುಡಿದರೆ ಸುಖ ಸಿಗುತ್ತದೆ ಎಂದು ಬರೆದರೆ ಅಂಕ ಬರುತ್ತಿತ್ತು. ಆದರೆ ಯಾದಗಿರಿ, ಶಹಾಪುರ, ಸುರಪುರದ ಹೊಲಗಳನ್ನು ಎದುರಿಗಿಟ್ಟುಕೊಂಡು ಓದಿದರೆ ಗಾದೆ ಅಷ್ಟಕ್ಕೆ ಮುಗಿಯುವುದಿಲ್ಲ. ಅದರಲ್ಲಿ ಕೈ, ಕೆಸರು, ಬಾಯಿ, ಮೊಸರು ಎಂಬ ನಾಲ್ಕು ಸಂಗತಿಗಳಿವೆ. ನಾಲ್ಕನ್ನೂ ಬಿಡಿಸಿ ನೋಡುವ ಕಾಲ ಈಗ ಬಂದಿದೆ. ಏಕೆಂದರೆ ಕೈಯೂ ಬೇಡ, ಕೆಸರೂ ಬೇಡ, ಮನಸ್ಸೊಂದಿದ್ದರೆ ಮೊಸರು ತಾನೇ ಬರುತ್ತದೆ ಎನ್ನುವ ಬೋಧನೆ ನಮ್ಮ ಹುಡುಗರ ಮೊಬೈಲಿನೊಳಗೆ ಹಗಲಿರುಳು ನಡೆಯುತ್ತಿದೆ.

ಅದರ ಹೆಸರು ಮ್ಯಾನಿಫೆಸ್ಟೇಷನ್. ಬೇಕಾದ ಹಣ ಈಗಾಗಲೇ ಕೈಸೇರಿದೆ ಎಂದು ಕಲ್ಪಿಸಿಕೊಳ್ಳಬೇಕು, ಆ ಬಯಕೆಯನ್ನು ಬೆಳಿಗ್ಗೆ ಮೂರು ಸಲ, ಮಧ್ಯಾಹ್ನ ಆರು ಸಲ, ರಾತ್ರಿ ಒಂಬತ್ತು ಸಲ ಬರೆಯಬೇಕು, ಸಂದೇಹ ಪಡಬಾರದು, ವಿಶ್ವವೇ ಅದನ್ನು ತಂದುಕೊಡುತ್ತದೆ. ಇದು ಹೊಸ ವಿದ್ಯೆಯಲ್ಲ. ಅಮೆರಿಕ ದೊಡ್ಡ ಆರ್ಥಿಕ ಕುಸಿತದಿಂದ ಇನ್ನೂ ಪೂರ್ತಿ ಚೇತರಿಸಿಕೊಳ್ಳದಿದ್ದ 1937ರಲ್ಲಿ ನೆಪೋಲಿಯನ್ ಹಿಲ್ ಎಂಬ ಲೇಖಕ ಯೋಚನೆಯಿಂದಲೇ ಸಿರಿವಂತರಾಗಬಹುದು ಎಂಬ ಪುಸ್ತಕ ತಂದ. 2006ರಲ್ಲಿ ರೋಂಡಾ ಬರ್ನ್ 'ದಿ ಸೀಕ್ರೆಟ್' ಮೂಲಕ ಅದೇ ಮಾತನ್ನು ಆಕರ್ಷಣೆಯ ನಿಯಮವೆಂದು ಜಗತ್ತಿಗೆಲ್ಲ ಹಂಚಿದಳು. ಈಗ ಅದು ರೀಲ್ಸ್‌ಗಳಾಗಿ, ಶುಲ್ಕ ಕಟ್ಟಿ ಕೂರುವ ಕಾರ್ಯಾಗಾರಗಳಾಗಿ ನಮ್ಮಲ್ಲಿಗೆ ಬಂದಿದೆ. ಕೆಲಸ ಸಿಗದ ಪದವೀಧರ, ಎರಡು ಬೆಳೆ ಕಳೆದುಕೊಂಡ ರೈತನ ಮಗ, ಸ್ವಸಹಾಯ ಸಂಘದ ಕಂತು ಕಟ್ಟಬೇಕಾದ ತಾಯಿ, ಇವರೆಲ್ಲ ಅದರ ಕೇಳುಗರು.

ಗಾದೆ ಮೊದಲು ಹೇಳುವುದು ಕೈಯನ್ನು. ಸುರಪುರ ಸೀಮೆಗೆ ಕೈಯ ಮಾತನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಬಸವಣ್ಣನಿಗಿಂತ ಹಿಂದಿನ ವಚನಕಾರ ಜೇಡರ ದಾಸಿಮಯ್ಯನ ಊರು ಇದೇ ಸೀಮೆಯ ಮುದನೂರು. ಅವನು ಮಗ್ಗದ ಮುಂದೆ ಕೂತವನು. ಅವನಿಗೆ ತವನಿಧಿ, ಅಂದರೆ ಎಂದೂ ಬತ್ತದ ಸಂಪತ್ತು, ಒಲಿದ ಕಥೆಯನ್ನು ಶರಣರ ಪುರಾಣಗಳು ಹೇಳುತ್ತವೆ. ನೇಯ್ದ ಬಟ್ಟೆಯನ್ನು ಮಾರಲು ಹೋದ ದಾಸಿಮಯ್ಯ ಕೊಳ್ಳುವವರು ಸಿಗದೆ ಮರಳುತ್ತಾನೆ. ಚಳಿಗೆ ನಡುಗುತ್ತಿದ್ದ ಮುದಿ ಜಂಗಮನೊಬ್ಬನಿಗೆ ಆ ಬಟ್ಟೆ ಕೊಡುತ್ತಾನೆ. ಜಂಗಮ ಕಣ್ಣೆದುರೇ ಅದನ್ನು ಹರಿದು ಚಿಂದಿ ಮಾಡಿದರೂ ದಾಸಿಮಯ್ಯ ಮುನಿಯುವುದಿಲ್ಲ. ಆಮೇಲೆ ಶಿವ ಮೆಚ್ಚಿ ತವನಿಧಿ ಕೊಡುತ್ತಾನೆ.

ಸಂಪತ್ತು ಪವಾಡವಾಗಿ ಬರುವ ಕಥೆಯಲ್ಲೂ ಕ್ರಮ ಹೇಗಿದೆ ನೋಡಿ. ಮೊದಲು ನೇಯ್ಗೆ, ಆಮೇಲೆ ಸಂತೆಯ ಸೋಲು, ಆಮೇಲೆ ಕೊಡುಗೆ. ಕೊನೆಗೆ, ಕೇಳದೆ ಬಂದ ವರ. ದಾಸಿಮಯ್ಯ ತವನಿಧಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು ಕೂತಿರಲಿಲ್ಲ. ಒಳ್ಳೆಯ ಬಟ್ಟೆ ಮಾರಾಟವಾಗದೆ ಉಳಿಯಬಹುದು ಎಂಬ ಸತ್ಯವನ್ನೂ ಆ ಕಥೆ ಬಚ್ಚಿಡುವುದಿಲ್ಲ. ನೇಕಾರನ ಮನಸ್ಸಿನಲ್ಲಿ ದೋಷವಿತ್ತು, ಅದಕ್ಕೇ ಗಿರಾಕಿ ಬರಲಿಲ್ಲ ಎಂದು ಪುರಾಣ ಹೇಳಲಿಲ್ಲ. ಇಂದಿನ ಮ್ಯಾನಿಫೆಸ್ಟೇಷನ್ ಗುರುಗಳು ಹಾಗೆ ಹೇಳುತ್ತಾರೆ.

ಇನ್ನು ಕೆಸರು. ಗಾದೆಯ ಜೀವ ಇಲ್ಲಿದೆ, ನಾವು ಓದದೆ ದಾಟಿದ್ದೂ ಇದನ್ನೇ. ಒಣ ಮಣ್ಣಿನಲ್ಲಿ ಎಷ್ಟು ದುಡಿದರೂ ಕೈಗೆ ಹತ್ತುವುದು ಧೂಳು. ಕೆಸರಾಗಬೇಕಾದರೆ ಮಣ್ಣಿನ ಜೊತೆ ನೀರು ಕೂಡಬೇಕು. ಮಣ್ಣು ಯಾರ ಹೆಸರಿನಲ್ಲಿದೆ, ನೀರು ಯಾರ ಹೊಲಕ್ಕೆ ಹರಿಯುತ್ತದೆ ಎಂಬ ಎರಡು ಪ್ರಶ್ನೆ ಆ ಕೆಸರಿನೊಳಗೇ ಕಲೆತಿವೆ.

ಈ ಮೂರು ತಾಲೂಕುಗಳ ಚರಿತ್ರೆ ಅದಕ್ಕೆ ಸಾಕ್ಷಿ. ಕೃಷ್ಣೆ ಮತ್ತು ಭೀಮೆ ಎರಡೂ ಈ ನೆಲದಲ್ಲಿ ಹರಿದು ಜಿಲ್ಲೆಯ ಅಂಚಿನಲ್ಲಿ ಕೂಡುತ್ತವೆ. ಆದರೂ ತಲೆಮಾರುಗಳ ಕಾಲ ಇಲ್ಲಿಯ ಎರೆಭೂಮಿ, ಮಸಾರಿಭೂಮಿ ಎರಡೂ ಮುಗಿಲು ನೋಡಿಕೊಂಡೇ ಬೆಳೆದವು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ನಾರಾಯಣಪುರದ ಅಣೆಕಟ್ಟೆ, ಈಗಿನ ಬಸವಸಾಗರ, 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯಿಂದ ಹುಣಸಗಿ, ಶಹಾಪುರ ಶಾಖಾ ಕಾಲುವೆಗಳಿಗೆ ನೀರು ಹರಿದ ಮೇಲೆ ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತದ ನಾಟಿ ಕಂಡಿತು. ಆಂಧ್ರದ ಕಡೆಯಿಂದ ಬಂಡವಾಳ ಮತ್ತು ಭತ್ತದ ಅನುಭವ ಎರಡನ್ನೂ ಹೊತ್ತು ಬಂದವರು ಕ್ಯಾಂಪ್ ಕಟ್ಟಿಕೊಂಡು ಬೇಸಾಯ ಮಾಡಿದರು. ಹೊಲ ಅದೇ, ಊರ ಜನರೂ ಅವರೇ. ಅವರ ಯೋಚನೆ ಒಂದು ರಾತ್ರಿಯಲ್ಲಿ ಬದಲಾದದ್ದರಿಂದ ಭತ್ತ ಬೆಳೆಯಲಿಲ್ಲ. ಕಾಲುವೆ ಬಂತು, ಕಾಲುವೆಯ ಹಿಂದೆ ಸರ್ಕಾರದ ಹಣ ಬಂತು, ಮುಳುಗಿದ ಊರುಗಳ ತ್ಯಾಗ ಬಂತು.

ಅದೇ ಕಾಲುವೆಯ ತುದಿಗೆ ಹೋಗಿ ನೋಡಿದರೆ ಇನ್ನೊಂದು ಪಾಠವಿದೆ. ಲಘು ನೀರಾವರಿ ಬೆಳೆಗಳಿಗೆಂದು ಯೋಜಿಸಿದ ನೀರಿನಲ್ಲಿ ಮೇಲ್ಭಾಗದವರು ಭತ್ತ ನಾಟಿ ಮಾಡುತ್ತಾರೆ. ಕೆಲವು ಕಡೆ ನೀರು ಹೆಚ್ಚಾಗಿ ಭೂಮಿ ಸವಳು ಹಿಡಿಯುತ್ತದೆ. ಕೊನೆಭಾಗದ ಹೊಲಕ್ಕೆ ನೀರು ಮುಟ್ಟುವುದಿಲ್ಲ. ವಾರಾಬಂದಿ ಪದ್ಧತಿಯಲ್ಲಿ ಎಷ್ಟು ದಿನ ನೀರು, ಎಷ್ಟು ದಿನ ಬಂದ್ ಎಂಬುದೇ ಅಲ್ಲಿಯ ಹಿಂಗಾರು ಬೆಳೆಯ ಹಣೆಬರಹ. ಮೇಲ್ಭಾಗದವನ ನಂಬಿಕೆ ಗಟ್ಟಿ, ಕೊನೆಭಾಗದವನ ನಂಬಿಕೆ ಸಡಿಲ ಎಂದು ಯಾರಾದರೂ ಹೇಳಲಾದೀತೇ? ಇಬ್ಬರ ನಡುವೆ ಇರುವುದು ಕಾಲುವೆಯ ದೂರ ಮತ್ತು ಗೇಟು ಎತ್ತುವವರ ತೀರ್ಮಾನ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಾಗ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿದ್ದವು. ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು ತಾಲೂಕುಗಳನ್ನು ಅಳೆದಿತ್ತು. ಬೇಸಾಯ, ಕೈಗಾರಿಕೆ, ರಸ್ತೆ, ಶಾಲೆ, ಆಸ್ಪತ್ರೆಯಂಥ ಲೆಕ್ಕಗಳು ಅವು. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿ ಬಂದಾಗ ಇಲ್ಲಿಯ ಸಾಕ್ಷರತೆ ಶೇ. 51.83 ಇತ್ತು, ರಾಜ್ಯದ ಸರಾಸರಿ ಶೇ. 75.36. ರಾಜ್ಯದಲ್ಲೇ ಕಡೆಯ ಸ್ಥಾನ ನಮ್ಮದಾಗಿತ್ತು. ಆಮೇಲೆ ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ಬಂತು, ಅದರಿಂದ ಇಲ್ಲಿಯ ಮಕ್ಕಳಿಗೆ ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ಪಾಲು ಸಿಕ್ಕಿತು. ಅದಕ್ಕಾಗಿ ಈ ಭಾಗದ ಜನ ವರ್ಷಗಟ್ಟಲೆ ಹೋರಾಡಿದ್ದರು. ಬಯಕೆ ಅವರಲ್ಲೂ ಇತ್ತು. ಆ ಬಯಕೆ ಮನವಿಯಾಯಿತು, ಧರಣಿಯಾಯಿತು, ಕೊನೆಗೆ ಕಾನೂನಾಯಿತು.

ಮೂರನೆಯದು ಬಾಯಿ. ಗಾದೆ ಕೈ ಮತ್ತು ಬಾಯಿ ಒಬ್ಬನದೇ ಎಂದು ನಂಬಿ ಮಾತಾಡುತ್ತದೆ. ನಮ್ಮ ಊರುಗಳಲ್ಲಿ ಹಾಗಿಲ್ಲ. ಸುಗ್ಗಿ ಮುಗಿಯುತ್ತಿದ್ದಂತೆ ಗುಳೆ ಹೊರಡುವ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗಳಲ್ಲಿ ಕಟ್ಟಡ ಕಟ್ಟುತ್ತವೆ. ಸಿಮೆಂಟಿನ ಕೆಸರಿನಲ್ಲಿ ಕೈ ಅದ್ದಿದವರು ಶೆಡ್ಡಿನಲ್ಲಿ ಮಲಗುತ್ತಾರೆ. ಅವರು ಎಬ್ಬಿಸಿದ ಮನೆಯಲ್ಲಿ ಮೊಸರು ಉಣ್ಣುವವರು ಬೇರೆ. ತೊಗರಿ ಬೆಳೆದವನು ಬೆಲೆ ಬಿದ್ದಾಗ ಮಾರಿ ಸಾಲ ತೀರಿಸುತ್ತಾನೆ. ಗೋದಾಮಿನಲ್ಲಿ ಕಾದಿರಿಸಲು ಶಕ್ತಿಯಿದ್ದವನು ಬೆಲೆ ಏರಿದಾಗ ಮಾರುತ್ತಾನೆ. ಆದ್ದರಿಂದ ಈ ಗಾದೆಯನ್ನು ಬಡವನ ಮೇಲೆ ಬೀಸುವ ಚಾವಟಿಯಾಗಿ ಬಳಸುವುದೂ ತಪ್ಪು. ನಿನ್ನ ಬಾಯಿಗೆ ಮೊಸರಿಲ್ಲ, ಅಂದರೆ ನಿನ್ನ ಕೈ ಕೆಸರಾಗಿಲ್ಲ ಎಂದು ತಿರುಗಿಸಿ ಓದುವವರು ಹಿಂದಿನಿಂದಲೂ ಇದ್ದಾರೆ. ಮ್ಯಾನಿಫೆಸ್ಟೇಷನ್ ಆ ಆರೋಪವನ್ನು ಇನ್ನೂ ಒಳಗೆ ನುಗ್ಗಿಸುತ್ತದೆ. ಮೊದಲು ಬಡವನ ಕೈಯನ್ನು ದೂರುತ್ತಿದ್ದರು, ಈಗ ಅವನ ಮನಸ್ಸನ್ನು ದೂರುತ್ತಾರೆ. ಹಣ ಬರಲಿಲ್ಲವೇ? ನಿನ್ನ ನಂಬಿಕೆ ಸಾಲದು. ಮತ್ತೊಂದು ಕಾರ್ಯಾಗಾರಕ್ಕೆ ಬಾ. ಈ ಬೋಧನೆಯ ಕೆಡುಕೆಲ್ಲ ಈ ಒಂದು ಮಾತಿನಲ್ಲಿದೆ. ಸುಳ್ಳು ಆಸೆ ಹುಟ್ಟಿಸಿದ್ದಕ್ಕಿಂತ, ಆಸೆ ಮುರಿದಾಗ ಅಪರಾಧವನ್ನು ಸೋತವನ ತಲೆಗೇ ಕಟ್ಟುವುದು ಘೋರ.

ನಿಜ ಇದಕ್ಕೆ ತಿರುಗುಮುರುಗಾಗಿದೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಎರಡು ಸಲ ಪರೀಕ್ಷಿಸಿತು, ಕೈಯಲ್ಲಿ ಕಾಸಿಲ್ಲದ ಕಟಾವಿನ ಮುಂಚೆ ಒಮ್ಮೆ, ಹಣ ಬಂದ ಮೇಲೆ ಒಮ್ಮೆ. ಅದೇ ರೈತರು ಕಟಾವಿನ ಮುಂಚೆ ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು, ನಂತರ ಮುಂದೆ ಬಂದರು. ಹಣದ ಅಭಾವವೇ ಯೋಚನೆಯನ್ನು ಹಿಂಡುತ್ತದೆ ಎಂದು ಸಂಶೋಧಕರು ವಿವರಿಸಿದರು. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ರೈತನಿಗೆ ಸಕಾರಾತ್ಮಕವಾಗಿ ಯೋಚಿಸು ಎನ್ನುವುದು ಕಾರ್ಯವನ್ನು ಕಾರಣವೆಂದು ತಿಳಿದಂತೆ. 2023ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಮ್ಯಾನಿಫೆಸ್ಟೇಷನ್ ನಂಬುವವರನ್ನೇ ಅಧ್ಯಯನ ಮಾಡಿದರು. ಅಂಥವರು ಅಪಾಯದ ಹೂಡಿಕೆಗಳತ್ತ ಹೆಚ್ಚು ವಾಲುತ್ತಾರೆ, ದಿವಾಳಿಯಾದ ಅನುಭವವೂ ಅವರಲ್ಲಿ ಹೆಚ್ಚು ಎಂದು ಕಂಡರು. ದಿಢೀರ್ ಲಾಭದ ಆ್ಯಪ್‌ಗಳಿಗೆ ಹೊಲ ಅಡವಿಟ್ಟ ಹಣ ಸುರಿಯುವ ಹುಡುಗರಿರುವ ಕಡೆ ಈ ಮಾತು ನಮಗೆ ದೂರದ್ದಲ್ಲ.

ಹಾಗೆಂದು ಮನಸ್ಸಿಗೆ ಕೆಲಸವಿಲ್ಲವೆಂದಲ್ಲ. ಆಶೆಯಿಲ್ಲದೆ ಯಾರೂ ಬಿತ್ತುವುದಿಲ್ಲ. ಮನೋವಿಜ್ಞಾನಿ ಗೇಬ್ರಿಯಲ್ ಒಟಿಂಗೆನ್ ಹಲವು ವರ್ಷ ಇದನ್ನೇ ಪರಿಶೀಲಿಸಿದರು. ಒಳ್ಳೆಯ ನೌಕರಿಯ ಸವಿಗನಸಿನಲ್ಲೇ ಮುಳುಗಿದ ಪದವೀಧರರು ಎರಡು ವರ್ಷಗಳ ಬಳಿಕ ಕಡಿಮೆ ಅವಕಾಶ, ಕಡಿಮೆ ಸಂಬಳ ಪಡೆದಿದ್ದರು. ಗುರಿಯ ಜೊತೆ ಎದುರಿಗಿರುವ ಅಡ್ಡಿಯನ್ನೂ ಕಣ್ಣಿಗೆ ತಂದುಕೊಂಡು ಯೋಜಿಸುವ ಪದ್ಧತಿಯನ್ನು ಅವರು ಸೂಚಿಸಿದರು. ನಮ್ಮ ರೈತನಿಗೆ ಇದು ರೂಢಿಯ ವಿದ್ಯೆ. ಮುಂಗಾರು ಹತ್ತಿರವಾದಾಗ ಇಬ್ಬರು ಕೂಡಿದರೆ, "ಯಣ್ಣಾ, ಮಳಿ ಹ್ಯಾಂಗದ? ಬೀಜ ತಂದಿಯೇನು? ಸೊಸೈಟಿ ಸಾಲ ಆಗ್ಯಾದೇನು?" ಎಂದೇ ಮಾತು. ತೊಗರಿಗೆ ನೆಟೆ ರೋಗ ಬಂದರೆ ಏನು, ಹತ್ತಿಗೆ ಗುಲಾಬಿ ಕಾಯಿಕೊರಕ ಬಿದ್ದರೆ ಏನು ಎಂದು ಮೊದಲೇ ಲೆಕ್ಕ ಹಾಕುತ್ತಾರೆ. ಇದನ್ನು ನಕಾರಾತ್ಮಕ ಯೋಚನೆ ಎಂದು ಬಿಡಿಸಲು ಹೋಗುವುದು ಅವರ ಶತಮಾನಗಳ ವಿವೇಕವನ್ನು ಕಿತ್ತುಕೊಂಡಂತೆ.

ಕೊನೆಗೆ ಮೊಸರು. ಗಾದೆ ಬಂಗಾರದ ಗುಡ್ಡ ಕೊಡುತ್ತೇನೆ ಎನ್ನಲಿಲ್ಲ. ಉಂಡು ತಂಪಾಗುವಷ್ಟು ಕೊಡುವ ಮಾತಾಡಿತು. ಸುರಪುರದಿಂದ ಕೃಷ್ಣೆ ದಾಟಿದರೆ ಲಿಂಗಸುಗೂರು ತಾಲೂಕಿನ ಅಮರೇಶ್ವರ ಸಿಗುತ್ತದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಊರು ಅದು. ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಬಡ ಹೆಂಗಸೊಬ್ಬಳು ಸಿರಿಗೆ ಅಳತೆಯಿಟ್ಟ ಕಥೆ ಇದು. ಮಿತಿಯಿಲ್ಲದ ಸಮೃದ್ಧಿಯನ್ನು ದಿನಕ್ಕೆ ಮೂರು ಹೊತ್ತು ಬರೆಸುವ ಬೋಧನೆಗೆ ಈ ಅಳತೆ ಗೊತ್ತಿಲ್ಲ.

ಆದ್ದರಿಂದ ಈ ಗಾದೆಯನ್ನು ನಮ್ಮ ಮಕ್ಕಳಿಗೆ ಪೂರ್ತಿಯಾಗಿ ಕಲಿಸೋಣ. ಕೈ ದುಡಿಯಬೇಕು. ಕೆಸರಾಗಲು ಕೊನೆಭಾಗದ ಹೊಲಕ್ಕೂ ನೀರು ಬರಬೇಕು, ಬೆಳೆಗೆ ಬೆಲೆ ಸಿಗಬೇಕು, ಓದಲು ಶಾಲೆ ಗಟ್ಟಿಯಾಗಬೇಕು. ದುಡಿದ ಕೈಯ ಬಾಯಿಗೇ ಮೊಸರು ಸೇರಬೇಕು. ಇವೆಲ್ಲವನ್ನೂ ಗ್ರಾಮಸಭೆಯಲ್ಲಿ, ನೀರಾವರಿ ಸಲಹಾ ಸಮಿತಿಯ ಮುಂದೆ, ಮತ ಕೇಳಲು ಬಂದವರ ಎದುರು ಬಾಯಿಬಿಟ್ಟು ಕೇಳಬೇಕು. ಬಡತನ ನಿನ್ನ ತಲೆಯೊಳಗೆ ಹುಟ್ಟಿದ್ದಲ್ಲ ಎಂದು ಯಾದಗಿರಿಯ ಪ್ರತಿ ಹುಡುಗ, ಹುಡುಗಿಗೆ ಹೇಳುವುದು ಹಿರಿಯರಾದ ನಮ್ಮ ಮೇಲಿನ ಋಣ.